ನೀರಿನಿಂದ ಹಾಲಿಗೆ: ಗೆಜ್ಜಲಗೆರೆ ಸೀಮೆಯ ಆರ್ಥಿಕ ಚರಿತ್ರೆಯ ಒಂದು ಅಧ್ಯಾಯ

ಒಂದು ನಾಡಿನ ಚರಿತ್ರೆಯೆಂದರೆ ಅದನ್ನು ಆಳಿದ ಅರಸರ ವಂಶಾವಳಿಯೂ ಅವರು ಕಾದಿದ ಯುದ್ಧಗಳ ವರ್ಣನೆಯೂ ಮಾತ್ರವೆಂಬ ಭಾವನೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಬಡವನ ಒಲೆಯ ಮೇಲೆ ಏನು ಬೇಯುತ್ತಿತ್ತು, ಅವನ ಕೈಗೆ ನಾಲ್ಕು ಕಾಸು ಎಲ್ಲಿಂದ ಬರುತ್ತಿತ್ತು, ಯಾವ ಹೊಸ ಉಪಾಯದಿಂದ ಅವನ ಬಾಳು ಒಂದು ಮೆಟ್ಟಲಾದರೂ ಮೇಲೇರಿತು ಎಂಬುದೂ ಚರಿತ್ರೆಯೇ ಸರಿ. ಅರಮನೆಯ ಕಡತಗಳಲ್ಲಿ ಇದಕ್ಕೆ ಸ್ಥಳವು ಕಡಮೆ. ಆದಕಾರಣ ಇಂತಹ ಸಂಪುಟಗಳಲ್ಲಿಯಾದರೂ ಅದನ್ನು ಬರೆದಿಡುವುದು ಉಚಿತವೆಂದು ಭಾವಿಸುತ್ತೇವೆ.

ಮದ್ದೂರಿನಿಂದ ಮಂಡ್ಯದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ನಡುವೆ ಗೆಜ್ಜಲಗೆರೆಯು ಸಿಕ್ಕುತ್ತದೆ. ಮದ್ದೂರು ತಾಲ್ಲೂಕಿಗೆ ಸೇರಿದ ಈ ಗ್ರಾಮವು ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟದ ಕೇಂದ್ರಸ್ಥಾನವು. ಸುತ್ತಣ ಹಳ್ಳಿಗಳಲ್ಲಿ ಕರೆದ ಹಾಲು ಇಲ್ಲಿಗೆ ಬಂದು, ಕಾಯಿಸಿ ತಂಪುಗೊಳಿಸಲ್ಪಟ್ಟು, ಪಟ್ಟಣಗಳಿಗೆ ಹೋಗುತ್ತದೆ. ದಾರಿಹೋಕನ ಕಣ್ಣಿಗೆ ಅಲ್ಲಿ ಕಾಣುವುದು ದೊಡ್ಡ ಕಟ್ಟಡಗಳೂ ಹೊಳೆಯುವ ತೊಟ್ಟಿಗಳೂ ಸಾಲುಗಟ್ಟಿ ನಿಂತ ಟ್ಯಾಂಕರುಗಳೂ. ಆದರೆ ಆ ಯಂತ್ರಗಳ ಹಿಂದೆ ಒಂದು ಏರ್ಪಾಡು ಇದೆ. ಅದು ಹೇಗೆ ಹುಟ್ಟಿತು, ಯಾರನ್ನು ಮುಟ್ಟಿತು, ಅದರ ಜೀವಾಳವು ಯಾವುದು ಎಂಬುದನ್ನು ಯಥಾಶಕ್ತಿ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೧. ಬರಗಾಲದಿಂದ ನಾಲೆಗೆ

ಈಗ ಹಸುರಾಗಿ ಕಾಣುವ ಈ ಸೀಮೆಯು ಹಿಂದೆ ಹೀಗಿರಲಿಲ್ಲ. ಕೆರೆಯ ಕೆಳಗಿನ ಸ್ವಲ್ಪ ಗದ್ದೆಗಳನ್ನು ಬಿಟ್ಟರೆ ಉಳಿದುದೆಲ್ಲವೂ ಮಳೆಯನ್ನೇ ನಂಬಿದ ಹೊಲವು. ರಾಗಿ, ಹುರುಳಿ, ಹುಚ್ಚೆಳ್ಳುಗಳೇ ಇಲ್ಲಿನ ಬೆಳೆಗಳು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಮಹಾಕ್ಷಾಮದ ಭೀಕರತೆಯನ್ನು ಖಾನೇಷುಮಾರಿಯ ಅಂಕಿಗಳೇ ಸಾರುತ್ತವೆ. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿಯಿತು. ದನಕರುಗಳು ಸತ್ತುದಕ್ಕಂತೂ ಲೆಕ್ಕವಿಲ್ಲ. ಎತ್ತು ಸತ್ತ ಮನೆಯಲ್ಲಿ ಮುಂದಿನ ವರ್ಷ ಮಳೆ ಬಂದರೂ ಉಳುವುದಕ್ಕೆ ದಾರಿಯಿರಲಿಲ್ಲ.

ಈ ದುರ್ದೆಸೆಗೆ ಪರಿಹಾರವಾಗಿ ಬಂದುದು ಕನ್ನಂಬಾಡಿಯ ಕಟ್ಟೆಯು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ 1911ರಲ್ಲಿ ಆರಂಭವಾದ ಈ ಕಟ್ಟಡವು ಎರಡು ದಶಕಗಳ ಬಳಿಕ ಪೂರ್ಣಗೊಂಡಿತು. ಅಲ್ಲಿಂದ ಹೊರಟ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದು ಹೆಸರಿತ್ತು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆಯೆನಿಸಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು, ಸುಮಾರು 1¾ ಮೈಲಿ ಉದ್ದದ ಸುರಂಗದ ಮೂಲಕ ನೀರನ್ನು ಈಚೆಗೆ ತಂದ ಸಾಹಸವು ಇಂದಿಗೂ ಶ್ಲಾಘನೀಯವಾಗಿದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಒಣಹೊಲಗಳಿಗೆ ನೀರು ಹರಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ನೀರನ್ನು ಬಿಟ್ಟು ಸುಮ್ಮನಾಗದೆ, ಅದನ್ನು ಹಂಚುವುದಕ್ಕೂ ಒಂದು ಕ್ರಮವನ್ನು ಏರ್ಪಡಿಸಲಾಯಿತು. ನಾಲೆಯ ಕೆಳಗಿನ ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಮೂರರಲ್ಲಿ ಒಂದು ಪಾಲು ಬತ್ತ, ಒಂದು ಪಾಲು ಕಬ್ಬು, ಒಂದು ಪಾಲು ಅರೆನೀರಿನ ಬೆಳೆ ಎಂದು ಸರದಿಯ ಮೇಲೆ ಬೆಳೆಯುವ ಪದ್ಧತಿಯದು. ಎಲ್ಲರೂ ಎಲ್ಲ ಕಾಲದಲ್ಲಿಯೂ ಬತ್ತವನ್ನೇ ಬೆಳೆದರೆ ನೀರು ಕೆಲವರಿಗೆ ಮಾತ್ರ ಸಾಲುತ್ತದೆ. ಸರದಿಯಿಟ್ಟರೆ ಹಲವರಿಗೆ ದಕ್ಕುತ್ತದೆ. ಕಟ್ಟೆಯು ಕಲ್ಲು ಗಾರೆಗಳ ಕೆಲಸವಾದರೆ ಸರದಿಯು ಬುದ್ಧಿಯ ಕೆಲಸವು. ಮುಂದೆ ಹಾಲಿನ ವಿಷಯದಲ್ಲಿಯೂ ಇದೇ ಮಾತು ಬರಲಿದೆ.

ಕಬ್ಬು ಬೆಳೆದ ಮೇಲೆ ಅದನ್ನು ಅರೆಯುವುದಕ್ಕೆ ಸ್ಥಳವು ಬೇಕಲ್ಲವೆ? ಕೆನಡಾ ದೇಶದಲ್ಲಿ ಹುಟ್ಟಿ 1908ರಲ್ಲಿ ಮೈಸೂರಿಗೆ ಬಂದು, ಕೃಷಿ ಇಲಾಖೆಯ ಡೈರೆಕ್ಟರಾಗಿ ಬಹುಕಾಲ ದುಡಿದ ಲೆಸ್ಲಿ ಕೋಲ್‌ಮನ್ನರ ಪ್ರಯತ್ನದಿಂದ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಯಿತು. ಸರ್ಕಾರದೊಡನೆ ರೈತರೂ ಅದರಲ್ಲಿ ಷೇರುದಾರರಾದರು. 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಇದಿಷ್ಟು ಕಥೆಯು ನಮ್ಮ ಸೀಮೆಯ ಮಕ್ಕಳಿಗೂ ಬಾಯಿಪಾಠವಾಗಿದೆ.

೨. ನೀರು ಯಾರನ್ನು ಮುಟ್ಟಿತು?

ಆದರೆ ನೀರು ಹರಿದ ಮಾತ್ರಕ್ಕೆ ಎಲ್ಲರ ಬಡತನವೂ ಹರಿಯಿತೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು. ವಿಯೆನ್ನಾ ನಗರದಲ್ಲಿ ಜನಿಸಿ, ನಾಜಿಗಳ ಹಾವಳಿಯಿಂದ ಪಾರಾಗಿ ಇಂಗ್ಲೆಂಡನ್ನು ಸೇರಿದ ಈಕೆಯು 1954ರಿಂದ ಸುಮಾರು ಎರಡು ವರ್ಷ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ವಾಸಿಸಿ ಅಧ್ಯಯನ ಮಾಡಿದರು. ಆ ಹಳ್ಳಿಗಳ ನಿಜವಾದ ಹೆಸರುಗಳನ್ನು ಮರೆಮಾಡಿ ಒಂದನ್ನು ವಂಗಲವೆಂದೂ ಮತ್ತೊಂದನ್ನು ದಲೇನವೆಂದೂ ಕರೆದರು. ಮೊದಲನೆಯದಕ್ಕೆ ನಾಲೆಯ ನೀರು ಬಂದಿತ್ತು. ಎರಡನೆಯದು ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. 1962ರಲ್ಲಿ ಪ್ರಕಟವಾದ ಈಕೆಯ ಗ್ರಂಥವು ಮಂಡ್ಯದ ಹಳ್ಳಿಗಳನ್ನು ಪ್ರಪಂಚದ ಪಂಡಿತರಿಗೆಲ್ಲ ಪರಿಚಯಿಸಿತು.

ಆಕೆಯು ಕಂಡುಕೊಂಡ ಸಂಗತಿಯು ವಿಚಾರಾರ್ಹವಾಗಿದೆ. ನೀರು ಬಂದ ಹಳ್ಳಿಯಲ್ಲಿ ಸಂಪತ್ತು ಹೆಚ್ಚಿತು. ಆದರೆ ಭೂಮಿಯುಳ್ಳವರಿಗೂ ಅವರ ಹೊಲದಲ್ಲಿ ದುಡಿಯುವವರಿಗೂ ಇದ್ದ ಹಳೆಯ ಸಂಬಂಧವು ಹಾಗೆಯೇ ಉಳಿಯಿತು. ನೀರು ಬಾರದ ಹಳ್ಳಿಯವರಾದರೋ ಕೈಕಟ್ಟಿ ಕೂರಲಿಲ್ಲ. ಅವರು ಪಕ್ಕದ ಗ್ರಾಮಗಳಲ್ಲಿ ನೀರಾವರಿ ಜಮೀನು ಕೊಂಡರು, ಅಕ್ಕಿ ಗಿರಣಿಯನ್ನು ನಡೆಸಿದರು, ಗಾಡಿ ಹೂಡಿದರು, ಮಂಡ್ಯದಲ್ಲಿ ನೌಕರಿ ಹಿಡಿದರು. ಹೀಗಾಗಿ ಒಣ ಹಳ್ಳಿಯ ಜೀವನವೇ ಹೆಚ್ಚು ಬದಲಾಯಿತು. 1970ರಲ್ಲಿ ಆಕೆಯು ಮರಳಿ ಬಂದು ನೋಡಿದಾಗ ಮತ್ತೊಂದು ಸಂಗತಿಯು ತಿಳಿಯಿತು. ಉಳ್ಳವರು ಮತ್ತಷ್ಟು ಉಳ್ಳವರಾಗಿದ್ದರು. ಅತ್ಯಂತ ಬಡವರ, ಅದರಲ್ಲಿಯೂ ಭೂಮಿಯಿಲ್ಲದ ಕೂಲಿಕಾರರ ಸ್ಥಿತಿಯು ಕೆಳಗಿಳಿದಿತ್ತು. 1973ರಲ್ಲಿ ಬಂದ ಎರಡನೆಯ ಗ್ರಂಥದಲ್ಲಿ ಆಕೆಯು ಇದನ್ನು ಮುಚ್ಚುಮರೆಯಿಲ್ಲದೆ ಬರೆದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಲೆಯ ನೀರು ಹೊಲಕ್ಕೆ ಹರಿಯುತ್ತದೆಯೇ ಹೊರತು ಮನುಷ್ಯನ ಮನೆಗೆ ಹರಿಯುವುದಿಲ್ಲ. ಹೊಲವೇ ಇಲ್ಲದವನಿಗೆ ಅದರಿಂದ ದೊರೆಯುವುದು ಕೂಲಿ ಮಾತ್ರ. ನಾಲೆಯ ಕೊನೆಯ ಭಾಗದವನಿಗೆ ಅದರಿಂದ ದೊರೆಯುವುದು ಬಹಳ ಸಾರಿ ನಿರೀಕ್ಷೆ ಮಾತ್ರ. ಇದು ನಾಲೆಯನ್ನು ಕಟ್ಟಿದವರ ದೋಷವಲ್ಲ; ಭೂಮಿಯ ಹಂಚಿಕೆಯೇ ಹಾಗಿತ್ತು. ಬಡವನ ಮನೆಬಾಗಿಲನ್ನು ಮುಟ್ಟುವುದಕ್ಕೆ ಬೇರೊಂದು ಉಪಾಯವು ಬೇಕಾಗಿತ್ತು.

೩. ಕ್ಷೀರಸಂಘದ ಉಗಮ

ಆ ಉಪಾಯದ ಮೂಲವನ್ನು ಅರಸುತ್ತ ಹೋದರೆ ನಾವು ಯೂರೋಪಿನ ಡೆನ್ಮಾರ್ಕ್ ದೇಶವನ್ನು ಮುಟ್ಟುತ್ತೇವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಅಗ್ಗದ ಗೋಧಿಯು ಬಂದು ಆ ದೇಶದ ರೈತರ ಧಾನ್ಯದ ಬೆಲೆಯು ಕುಸಿದಾಗ ಅವರು ಹಸುಗಳ ಕಡೆಗೆ ತಿರುಗಿದರು. 1882ರಲ್ಲಿ ಹ್ಯೆಡ್ಡಿಂಗ್ ಎಂಬ ಹಳ್ಳಿಯವರು ತಮ್ಮ ಹಾಲನ್ನು ಒಂದೆಡೆ ಸೇರಿಸಿ ಬೆಣ್ಣೆ ತೆಗೆಯುವ ಸಹಕಾರ ಸಂಘವನ್ನು ಸ್ಥಾಪಿಸಿದರು. ಒಬ್ಬನಿಗೆ ಎಷ್ಟು ಹಸುಗಳಿದ್ದರೂ ಸಂಘದಲ್ಲಿ ಅವನಿಗೆ ಒಂದೇ ಮತವೆಂಬ ನಿಯಮವು ಅಲ್ಲಿನ ಸಹಕಾರ ಪದ್ಧತಿಯ ತಿರುಳಾಯಿತು.

ಸಹಕಾರವು ನಮ್ಮ ಕನ್ನಡ ನಾಡಿಗೆ ಹೊಸದೇನಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಪತ್ತಿನ ಸಂಘವು ಇಡೀ ಭರತಖಂಡಕ್ಕೆ ಮೇಲ್ಪಂಕ್ತಿಯಾದುದು ಸರ್ವವಿದಿತವಾಗಿದೆ. ಸಾಲಕ್ಕಾಗಿ ಹುಟ್ಟಿದ ಆ ತತ್ತ್ವವನ್ನು ಹಾಲಿಗೆ ಹಚ್ಚಿ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದವರು ಗುಜರಾತಿನ ಖೇಡಾ ಜಿಲ್ಲೆಯ ರೈತರು. 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ಅವರ ಒಕ್ಕೂಟವು ಆನಂದದಲ್ಲಿ ಆರಂಭವಾಯಿತು. ವರ್ಗೀಸ್ ಕುರಿಯನ್ನರು ಅದನ್ನು ಬೆಳೆಸಿದರು. ಚಳಿಗಾಲದಲ್ಲಿ ಹಾಲು ಉಕ್ಕಿ ಕೊಳ್ಳುವವರಿಲ್ಲದೆ ಹೋಗುತ್ತಿದ್ದ ಸಂಕಟಕ್ಕೆ, ಎಮ್ಮೆಯ ಹಾಲಿನಿಂದ ಪುಡಿ ಮಾಡುವ ವಿಧಾನವನ್ನು ದಲಾಯಾ ಎಂಬ ತಜ್ಞರು ಸಾಧಿಸಿಕೊಟ್ಟರು. 1955ರಲ್ಲಿ ಅದರ ಕಾರ್ಖಾನೆಯು ನಡೆಯಹತ್ತಿತು. ಅಂದಿನಿಂದ, ಹಾಲು ಹೆಚ್ಚಾಯಿತೆಂದು ರೈತನನ್ನು ಹಿಂದಕ್ಕೆ ಕಳುಹಿಸಬೇಕಾದ ಅವಶ್ಯಕತೆಯು ತಪ್ಪಿತು.

ನಮ್ಮಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಕರ್ನಾಟಕ ಹೈನು ಅಭಿವೃದ್ಧಿ ನಿಗಮವು ಏರ್ಪಟ್ಟು ಆನಂದದ ಮಾದರಿಯನ್ನು ಹಳ್ಳಿಗಳಿಗೆ ತಂದಿತು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಲವಾಗಿ ಮಾರ್ಪಟ್ಟಿತು. ಹಳ್ಳಿಯಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ರಾಜ್ಯದಲ್ಲಿ ಮಹಾಮಂಡಲ ಎಂಬ ಮೂರು ನೆಲೆಗಳ ಮೇಲೆ ಈ ಸೌಧವು ನಿಂತಿದೆ. ಮೊದಲು ಮೈಸೂರಿನ ಒಕ್ಕೂಟಕ್ಕೆ ಸೇರಿದ್ದ ಮಂಡ್ಯ ಜಿಲ್ಲೆಯು 1987ರಲ್ಲಿ ಬೇರೆಯಾಗಿ, ಗೆಜ್ಜಲಗೆರೆಯಲ್ಲಿ ತನ್ನದೇ ಒಕ್ಕೂಟವನ್ನು ಹೊಂದಿತು.

೪. ಸೀಮೆಹಸುವೂ ಸೋಗೆಯೂ

ಈ ಪ್ರಾಂತದ ಹಳ್ಳಿಕಾರ್ ತಳಿಯು ಉಳುವುದಕ್ಕೂ ಗಾಡಿ ಎಳೆಯುವುದಕ್ಕೂ ಹೆಸರಾದುದು. ಅದರ ಎತ್ತುಗಳ ಓಟವನ್ನು ಬಣ್ಣಿಸದವರಿಲ್ಲ. ಆದರೆ ಹಸುವು ಕೊಡುವ ಹಾಲು ಕರುವಿಗೂ ಮನೆಯ ಮಕ್ಕಳಿಗೂ ಸಾಲುವಷ್ಟು ಮಾತ್ರ. ಮಾರುವುದಕ್ಕೆ ಹಾಲು ಬೇಕಾದರೆ ತಳಿಯು ಬದಲಾಗಬೇಕಾಗಿತ್ತು. ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ಸಹಾಯದಿಂದ 1969ರ ಸುಮಾರಿಗೆ ಆರಂಭವಾದ ಕೇಂದ್ರದಲ್ಲಿ ಉತ್ತಮ ಹೋರಿಗಳ ವೀರ್ಯವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ, ಕೆಡದಂತೆ ಇಡುವ ವಿದ್ಯೆಯು ಬಳಕೆಗೆ ಬಂದಿತು. ಒಂದು ಕಾಲದಲ್ಲಿ ಸಹಕಾರದ ಪಾಠವನ್ನು ಲೋಕಕ್ಕೆ ಕಲಿಸಿದ ಅದೇ ದೇಶವು ಇಲ್ಲಿಯೂ ಕೈ ನೀಡಿದುದು ಸ್ಮರಣೀಯವಾಗಿದೆ. ದೊಡ್ಡ ಜಮೀನ್ದಾರನು ಮಾತ್ರ ಸಾಕಬಹುದಾಗಿದ್ದ ಬೆಲೆಬಾಳುವ ಹೋರಿಯ ಗುಣವು ಒಂದು ಸಣ್ಣ ಕಡ್ಡಿಯಲ್ಲಿ ಅಡಗಿ, ಒಂಟಿ ಹಸುವಿನ ಗುಡಿಸಲಿಗೂ ಬಂದಿತು. ಹೀಗೆ ಹುಟ್ಟಿದ ಮಿಶ್ರತಳಿಯನ್ನೇ ನಮ್ಮ ಜನರು ಸೀಮೆಹಸುವೆಂದು ಕರೆಯುತ್ತಾರೆ.

ಇನ್ನು ಮೇವಿನ ವಿಷಯ. ನಾಲೆಯ ನೀರಿಗೂ ಹಾಲಿಗೂ ಇರುವ ನಂಟು ಇಲ್ಲಿಯೇ ಇದೆ. ಬತ್ತದ ಹುಲ್ಲು, ಕಬ್ಬಿನ ಸೋಗೆ, ಗದ್ದೆಯ ಬದುವಿನ ಹಸಿಹುಲ್ಲು, ಇವು ಮನುಷ್ಯನಿಗೆ ಆಹಾರವಲ್ಲ, ಹಸುವಿಗೆ ಆಹಾರವು. ಕಬ್ಬು ಕಡಿಯುವ ಕೂಲಿಯವನು ಸಂಜೆ ಹೊರೆ ಸೋಗೆಯನ್ನು ತಲೆಯ ಮೇಲೆ ಹೊತ್ತು ತಂದರೆ, ಕಳೆ ಕೀಳಲು ಹೋದ ಹೆಂಗಸು ಬದುವಿನ ಹುಲ್ಲನ್ನು ಕೊಯ್ದು ತಂದರೆ, ಮರುದಿನ ಬೆಳಗ್ಗೆ ಅದೇ ಹಾಲಾಗಿ ಸಂಘದ ಕ್ಯಾನನ್ನು ಸೇರುತ್ತದೆ. ಅನ್ಯರ ಭೂಮಿಗೆ ಹರಿದ ನೀರಿನಲ್ಲಿ ಭೂಮಿಯಿಲ್ಲದವನಿಗೂ ಹೀಗೆ ಒಂದು ಪಾಲು ದೊರೆಯಿತು. ನಾಲೆಯು ಬಿಟ್ಟುಹೋದ ಮನೆಯನ್ನು ಹಸುವು ಸೇರಿಸಿಕೊಂಡಿತೆಂದು ಹೇಳಿದರೆ ತಪ್ಪಾಗಲಾರದು.

೫. ಕಣ್ಣೆದುರಿನ ಅಳತೆ

ಇಷ್ಟೆಲ್ಲ ಇದ್ದರೂ ಮುಖ್ಯವಾದ ಒಂದು ಸಂಗತಿಯಿಲ್ಲದಿದ್ದರೆ ಈ ಏರ್ಪಾಡು ನಿಲ್ಲುತ್ತಿರಲಿಲ್ಲ. ಅದು ಹಾಲಿನ ಪರೀಕ್ಷೆಯು. ಹಾಲನ್ನು ಬರಿಯ ಅಳತೆಯ ಮೇಲೆ ಕೊಂಡರೆ ನೀರು ಬೆರೆಸಿದವನಿಗೆ ಲಾಭ, ಬೆರೆಸದವನಿಗೆ ನಷ್ಟ. ಹಿಂದೆ ಮನೆಮನೆಗೆ ಬಂದು ಹಾಲು ಕೊಳ್ಳುತ್ತಿದ್ದ ವರ್ತಕನು ತನ್ನ ಬಾಯಿಗೆ ಬಂದ ಬೆಲೆಯನ್ನು ಹೇಳುತ್ತಿದ್ದನು. ಹಾಲು ತೆಳುವೆಂದರೆ ಅದನ್ನು ಅಲ್ಲಗಳೆಯಲು ಬಡವನ ಬಳಿ ಯಾವ ಸಾಕ್ಷ್ಯವೂ ಇರಲಿಲ್ಲ.

ಸ್ವಿಟ್ಸರ್ಲೆಂಡಿನ ನಿಕ್ಲಾಸ್ ಗರ್ಬರ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಪರೀಕ್ಷೆಯು ಈ ಕಷ್ಟವನ್ನು ಬಿಡಿಸಿತು. ಒಂದು ಗಾಜಿನ ನಳಿಗೆಯಲ್ಲಿ 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಹಾಕಿ ಕುಲುಕಿ ಯಂತ್ರದಲ್ಲಿ ತಿರುಗಿಸಿದರೆ, ಹಾಲಿನ ಉಳಿದ ಅಂಶಗಳು ಕರಗಿ, ಜಿಡ್ಡು ಮಾತ್ರ ಮೇಲೆ ಬಂದು ನಿಲ್ಲುತ್ತದೆ. ನಳಿಗೆಯ ಗೀರುಗಳ ಮೇಲೆ ಅದರ ಪ್ರಮಾಣವನ್ನು ಓದಬಹುದು. ಈಗ ಅನೇಕ ಸಂಘಗಳಲ್ಲಿ ವಿದ್ಯುತ್ ಯಂತ್ರವೇ ಕ್ಷಣಮಾತ್ರದಲ್ಲಿ ಜಿಡ್ಡಿನಂಶವನ್ನೂ ಜಿಡ್ಡೇತರ ಘನಾಂಶವನ್ನೂ ತೋರಿಸುತ್ತದೆ. ಸಾಧನವು ಯಾವುದಾದರೂ ಆಗಲಿ, ಅಂಕಿಯು ಹಾಲು ತಂದವನ ಕಣ್ಣೆದುರು ಬರುತ್ತದೆ. ಅವನ ಚೀಟಿಯಲ್ಲಿ ಬರೆಯಲ್ಪಡುತ್ತದೆ. ಬಟವಾಡೆಯ ದಿನ ಅದೇ ಲೆಕ್ಕದ ಮೇಲೆ ಹಣವು ಸಂದಾಯವಾಗುತ್ತದೆ. ಹತ್ತು ಎಕರೆ ಗದ್ದೆಯುಳ್ಳವನೂ ಗುಡಿಸಲಿನ ವಿಧವೆಯೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಅಳತೆಗೆ ಒಳಗಾಗಿ, ಒಂದೇ ದರವನ್ನು ಪಡೆಯುತ್ತಾರೆ. ನಮ್ಮ ಹಳ್ಳಿಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಎಂತಹ ದೊಡ್ಡ ಮಾರ್ಪಾಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾಯಕಕ್ಕೆ ತಕ್ಕ ಫಲವೆಂಬ ತತ್ತ್ವವನ್ನು ಕೇಳುತ್ತ ಬಂದಿರುವ ನಮ್ಮ ಜನರಿಗೆ ಅದು ಇಲ್ಲಿ ಅಂಕಿಗಳಲ್ಲಿ ಕಾಣಿಸಿತು.

ಎರಡನೆಯ ಗುಣವು ಹಣವು ಕೈಸೇರುವ ಕಾಲದ್ದು. ಕಬ್ಬಿನ ಹಣವು ವರ್ಷಕ್ಕೊಮ್ಮೆ, ಅದೂ ತಡವಾಗಿ ಬರುವುದುಂಟು. ಕಬ್ಬಿನ ಬಾಕಿ, ಸಾಲದ ಬಡ್ಡಿ, ಬೆಲೆಯ ಕುಸಿತ ಇವುಗಳ ನಡುವೆ ಸಿಕ್ಕಿ 2015ರಲ್ಲಿ ಈ ಜಿಲ್ಲೆಯ ಹಲವು ರೈತರು ಪ್ರಾಣವನ್ನೇ ಕಳೆದುಕೊಂಡುದು ನಮ್ಮೆಲ್ಲರ ಎದೆಯಲ್ಲಿ ಮಾಯದ ಗಾಯವಾಗಿದೆ. ಮಂಡ್ಯದ ಹಳೆಯ ಸಕ್ಕರೆ ಕಾರ್ಖಾನೆಯೂ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಕಬ್ಬು ಅರೆಯಲಾರಂಭಿಸಿತು. ಹಾಲಿನ ಹಣವಾದರೋ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬರುತ್ತದೆ. ಮೊತ್ತವು ಸಣ್ಣದೇ, ಆದರೆ ಅಂಗಡಿಯ ಬಾಕಿ, ಮಕ್ಕಳ ಪುಸ್ತಕ, ಔಷಧಿಗಳಿಗೆ ಅದು ಒದಗುವುದರಿಂದ ಮನೆಯು ಬಡ್ಡಿಯವನ ಬಾಗಿಲನ್ನು ಬಡಿಯುವುದು ಕಡಮೆಯಾಗುತ್ತದೆ. 2008ರಿಂದ ಸರ್ಕಾರವು ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನವು ಮುಂದೆ 5 ರೂಪಾಯಿಗೆ ಏರಿತು. ದಿನಕ್ಕೆ 6 ಲೀಟರ್ ಹಾಕುವ ಮನೆಗೆ ಇದೊಂದೇ ತಿಂಗಳಿಗೆ 900 ರೂಪಾಯಿಯಾಗುತ್ತದೆ.

ಮೂರನೆಯದಾಗಿ, ಸಂಘಗಳಿಂದ ಜನರು ಒಂದುಗೂಡಿದುದರ ಫಲವು ಹಾಲನ್ನು ಮೀರಿಯೂ ಹಬ್ಬಿತು. 2003ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಾದ ರೈತರಿಗೆಂದೇ ಏರ್ಪಟ್ಟುದು. ವೈದ್ಯರಾದ ದೇವಿಪ್ರಸಾದ ಶೆಟ್ಟರ ಸಲಹೆಯಂತೆ ರೂಪುಗೊಂಡ ಇದರಲ್ಲಿ, ತಿಂಗಳಿಗೆ 5 ರೂಪಾಯಿಯಷ್ಟು ವಂತಿಗೆಯಿಂದ ದೊಡ್ಡ ಶಸ್ತ್ರಚಿಕಿತ್ಸೆಗಳೂ ಬಡವನಿಗೆ ಎಟುಕುವಂತಾದವು. 2018ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ಲೀನವಾಗಿ, ಮುಂದೆ ಮತ್ತೆ ಚಾಲನೆಗೆ ಬಂದಿತು. 2013ರ ಆಗಸ್ಟಿನಿಂದ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯವೂ ಈ ಸಂಘಗಳ ಬಲದಿಂದಲೇ ಸಾಧ್ಯವಾಯಿತು.

೬. ಕುಂದುಗಳ ವಿಚಾರ

ಗುಣವನ್ನು ಹೇಳಿ ದೋಷವನ್ನು ಮರೆಮಾಡಿದರೆ ಅದು ಚರಿತ್ರೆಯಾಗದು. ಹಸುವನ್ನು ಸಾಕುವ ದುಡಿಮೆಯಲ್ಲಿ ಮುಕ್ಕಾಲು ಪಾಲು ಹೆಂಗಸರದು: ಕೊಟ್ಟಿಗೆ ಬಳಿಯುವುದು, ಮೇವು ತರುವುದು, ಹಾಲು ಕರೆಯುವುದು. ಆದರೂ ಬಹುಕಾಲ ಸಂಘದ ಪುಸ್ತಕದಲ್ಲಿ ಇದ್ದುದು ಗಂಡಸಿನ ಹೆಸರು. ಮಹಿಳೆಯರದೇ ಆದ ಸಂಘಗಳು ಹುಟ್ಟಿದ ಮೇಲೆ ಈ ನ್ಯೂನತೆಯು ಸ್ವಲ್ಪ ಮಟ್ಟಿಗೆ ತಿದ್ದಲ್ಪಟ್ಟಿತು, ಪೂರ್ತಿಯಾಗಿ ಅಲ್ಲ. ಸೀಮೆಹಸುವು ಹೆಚ್ಚು ಹಾಲು ಕೊಡುವಂತೆಯೇ ಹೆಚ್ಚು ರೋಗಕ್ಕೂ ಬಿಸಿಲಿನ ಬಳಲಿಕೆಗೂ ತುತ್ತಾಗುತ್ತದೆ. ಹಿಂಡಿ ಬೂಸಾಗಳ ಬೆಲೆಯು ಹಾಲಿನ ಬೆಲೆಗಿಂತ ಮುಂದೆ ಓಡುವುದುಂಟು. ಒಂದೇ ಹಸುವನ್ನು ನಂಬಿದ ಮನೆಯಲ್ಲಿ ಅದು ಸತ್ತರೆ ಸಂಸಾರವೇ ಕುಸಿಯುತ್ತದೆ. ಆದಕಾರಣ ರಾಸುಗಳ ವಿಮೆಯನ್ನು ಮರೆಯುವುದು ವಿವೇಕವಲ್ಲ.

ಇವೆಲ್ಲಕ್ಕಿಂತ ಹೆಚ್ಚು ನೋವಿನದು ನಂಬಿಕೆಗೆ ಬಿದ್ದ ಪೆಟ್ಟು. 2021ರಲ್ಲಿ ಗೆಜ್ಜಲಗೆರೆಗೆ ಬರುತ್ತಿದ್ದ ಟ್ಯಾಂಕರುಗಳಲ್ಲಿ ಹಾಲಿಗೆ ನೀರು ಬೆರೆಸುವ ಅಕ್ರಮವು ಬಯಲಿಗೆ ಬಂದಿತು. ಹಳ್ಳಿಯಲ್ಲಿ ಬಡವಳೊಬ್ಬಳು ಅರ್ಧ ಅಂಶ ಜಿಡ್ಡು ಕಡಮೆಯಾದರೂ ಕಡಮೆ ಬೆಲೆಗೆ ಒಪ್ಪಿ ತಲೆಬಾಗುವಾಗ, ದಾರಿಯಲ್ಲಿ ಅದೇ ಹಾಲಿಗೆ ನೀರು ಸೇರಿತೆಂದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಕೆಳಗೆ ಎಷ್ಟು ಕಟ್ಟುನಿಟ್ಟಿನ ಪರೀಕ್ಷೆಯಿದೆಯೋ ಮೇಲೆಯೂ ಅಷ್ಟೇ ಇರಬೇಕೆಂಬ ಪಾಠವನ್ನು ಈ ಘಟನೆಯು ಕಲಿಸಿತು.

೭. ಉಪಸಂಹಾರ

2022ನೆಯ ಡಿಸೆಂಬರ್ 30ರಂದು ಗೆಜ್ಜಲಗೆರೆಯಲ್ಲಿ ದಿನಕ್ಕೆ 10 ಲಕ್ಷ ಲೀಟರ್ ಹಾಲನ್ನು ಸಂಸ್ಕರಿಸಬಲ್ಲ, 14 ಲಕ್ಷ ಲೀಟರಿನವರೆಗೂ ಹಿಗ್ಗಿಸಬಲ್ಲ ಹೊಸ ಡೈರಿಯ ಉದ್ಘಾಟನೆಯಾಯಿತು. ಅಂದು ಕೇಂದ್ರದ ಗೃಹಮಂತ್ರಿಗಳಾಗಿದ್ದ ಅಮಿತ್ ಶಾ ಅವರು ಗುಜರಾತಿನ ಅಮುಲ್ ಸಂಸ್ಥೆಯೂ ಕರ್ನಾಟಕದ ಮಹಾಮಂಡಲವೂ ಕೂಡಿ ದುಡಿಯಬೇಕೆಂದು ಆಡಿದ ಮಾತು ನಾಡಿನಾದ್ಯಂತ ಚರ್ಚೆಗೆ ಎಡೆಗೊಟ್ಟಿತು. ಮರುವರ್ಷ ನಂದಿನಿಯನ್ನು ಉಳಿಸಬೇಕೆಂಬ ಕೂಗು ಬೀದಿಬೀದಿಯಲ್ಲಿ ಕೇಳಿಸಿತು. ಆ ವಾದದ ಸರಿತಪ್ಪುಗಳು ನಮ್ಮ ವಿಷಯವಲ್ಲ. ಹಾಲಿನ ಸಂಘವನ್ನು ಜನರು ಎಷ್ಟು ತಮ್ಮದೆಂದು ಭಾವಿಸಿದ್ದರೆಂಬುದು ಮಾತ್ರ ಅದರಿಂದ ಸ್ಪಷ್ಟವಾಯಿತು. ತನ್ನದೆಂಬ ಭಾವನೆಯಿಲ್ಲದ ವಸ್ತುವಿಗಾಗಿ ಯಾರೂ ಕೂಗುವುದಿಲ್ಲ.

ಒಟ್ಟಿನಲ್ಲಿ ನೂರು ವರ್ಷಗಳ ಈ ಚರಿತ್ರೆಯಿಂದ ನಾವು ಅರಿಯಬೇಕಾದುದು ಇಷ್ಟು. ಕಟ್ಟೆ, ಸುರಂಗ, ಕಾರ್ಖಾನೆ, ಶೈತ್ಯಯಂತ್ರ, ಇವೆಲ್ಲವೂ ಬೇಕು. ಇವುಗಳನ್ನು ನಿರ್ಮಿಸಿದ ಮಹನೀಯರಿಗೆ ನಾವು ಚಿರಋಣಿಗಳು. ಆದರೆ ಬಡವನ ಬಾಳನ್ನು ಹಸನುಮಾಡಿದುದು ಆ ಯಂತ್ರಗಳನ್ನು ಅವನ ಅಳವಿಗೆ ತಂದ ನ್ಯಾಯವಾದ ಏರ್ಪಾಡು: ನೀರಿಗೆ ಸರದಿ, ಹಾಲಿಗೆ ಪರೀಕ್ಷೆ, ಸಂಘದಲ್ಲಿ ಒಬ್ಬರಿಗೆ ಒಂದು ಮತ, ತಪ್ಪದ ಬಟವಾಡೆ. ಯಂತ್ರವು ಕೆಟ್ಟರೆ ಹೊಸದನ್ನು ತರಬಹುದು. ಅಳತೆಯ ಮೇಲಿನ ನಂಬಿಕೆಯು ಕೆಟ್ಟರೆ ಅದನ್ನು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದು.

ಇನ್ನೂ ನಸುಕು ಹರಿಯುವ ಮುನ್ನ ನಮ್ಮ ಹಳ್ಳಿಗಳಲ್ಲಿ ತಾಯಂದಿರು ಚೊಂಬು ಕ್ಯಾನುಗಳನ್ನು ಹಿಡಿದು ಸಂಘದ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಪಾಲಿನ ಹಾಲು ಎಷ್ಟೇ ಸಣ್ಣದಿರಲಿ, ಅದರ ಅಂಕಿಯು ಸತ್ಯವಾಗಿ ಬರೆಯಲ್ಪಡಲಿ. ಅದರ ಬೆಲೆಯು ಅವರ ಕೈಗೇ ಸೇರಲಿ. ಗೆಜ್ಜಲಗೆರೆಯ ಹೆಸರು ಸತ್ಯದ ಅಳತೆಗೆ ಪರ್ಯಾಯವಾಗಿ ಬಹುಕಾಲ ಬಾಳಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.